ಹಲಗೆ, ಕೊಂಬು, ಕಡ್ಡಿ

ನವೆಂಬರ್ ಬಂತೆಂದರೆ ಅಮೆರಿಕದ ಈ ಕಡೆಯ ಶಾಲೆಗಳಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆಂದು ಮಕ್ಕಳ ತಲೆಗೆ ಬಕಲ್ ಅಂಟಿಸಿದ ಕಪ್ಪು ಕಾಗದದ ಟೋಪಿ ಏರುತ್ತದೆ. ಆ ಬಕಲ್ ಟೋಪಿ ಇಲ್ಲಿಗೆ ಬಂದ ಹಳೆಯ ಇಂಗ್ಲಿಷ್ ವಲಸಿಗರಿಗೆ ಬಹಳ ಕಾಲದ ನಂತರದ ಚಿತ್ರಕಾರರು ತೊಡಿಸಿದ್ದು. 1630ರಲ್ಲಿ ಬಾಸ್ಟನ್ನಿಗೆ ಬಂದಿಳಿದ ಪ್ಯೂರಿಟನ್ನರ, ಅಂದರೆ ಇಂಗ್ಲೆಂಡಿನ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರ, ಮಕ್ಕಳ ಬಾಲ್ಯ ಹೇಗಿತ್ತೆಂದು ತಿಳಿಯಬೇಕಾದರೆ ಟೋಪಿ ಬಿಟ್ಟು ಹಾರ್ನ್‌ಬುಕ್ ನೋಡಬೇಕು.

ಹೆಸರಿಗಷ್ಟೇ ಅದು ಪುಸ್ತಕ. ಹಿಡಿಯಿರುವ ಪುಟ್ಟ ಮರದ ಹಲಗೆ, ಅದರ ಮೇಲೆ ಒಂದೇ ಒಂದು ಹಾಳೆ. ಕಾಗದ ದುಬಾರಿ, ಮಗುವಿನ ಕೈಯೋ ಸದಾ ಒದ್ದೆ. ಹಾಗಾಗಿ ದನದ ಕೊಂಬನ್ನು ನೆನೆಸಿ, ಕಾಯಿಸಿ, ಸೀಳಿ, ಒತ್ತಿ ಚಪ್ಪಟೆ ಮಾಡಿ, ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು ಹಾಳೆಗೆ ಹೊದಿಸುತ್ತಿದ್ದರು. ಅಂಚಿಗೆ ಹಿತ್ತಾಳೆಯ ಪಟ್ಟಿ, ಸಣ್ಣ ಮೊಳೆಗಳು. ಕೊಂಬು ದಪ್ಪ ಉಳಿದರೆ ಅಕ್ಷರ ಮಸುಕು. ಹಿಡಿಯ ತೂತಿಗೆ ದಾರ ಪೋಣಿಸಿ ಸೊಂಟಕ್ಕೆ ಕಟ್ಟಿದರೆ ಮಗು ಹೋದಲ್ಲೆಲ್ಲ ಪಾಠವೂ ಹೋಗುತ್ತಿತ್ತು.

ಹಾಳೆಯಲ್ಲಿ ಮೊದಲು ಅಕ್ಷರಮಾಲೆ. ಅದರ ಕೆಳಗೆ ಅಬ್, ಎಬ್, ಇಬ್, ಒಬ್, ಉಬ್: ನಮ್ಮ ಕಾಗುಣಿತದ ದೂರದ ನೆಂಟ. ಕೊನೆಗೆ ಏಸು ಕಲಿಸಿದ ಪ್ರಾರ್ಥನೆ. ದಿನವೂ ಮನೆಯಲ್ಲಿ ಕೇಳಿ ಕೇಳಿ ಮಗುವಿಗೆ ಆ ಪ್ರಾರ್ಥನೆ ಬಾಯಿಗೆ ಬಂದಿರುತ್ತಿತ್ತು. ಕಿವಿಗೆ ಗೊತ್ತಿದ್ದದ್ದನ್ನೇ ಕಣ್ಣು ಮೊದಲು ಓದುತ್ತಿತ್ತು. ಬರೆಯುವುದು ಆಮೇಲೆ, ಅದೂ ಹೆಚ್ಚಾಗಿ ಗಂಡುಮಕ್ಕಳಿಗೆ. ಓದಬಲ್ಲ ಎಷ್ಟೋ ಹೆಣ್ಣುಮಕ್ಕಳಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಇದು ಆ ಪದ್ಧತಿಯ ದೊಡ್ಡ ಅನ್ಯಾಯ.

ಓದಿಗೆ ಅಷ್ಟು ಅವಸರ ಏಕೆ? ಬೈಬಲ್ ಓದದವನ ಆತ್ಮಕ್ಕೆ ಅಪಾಯ ಎಂಬ ನಂಬಿಕೆ ಒಂದು ಕಡೆ, ಮಗು ಎಷ್ಟು ದಿನವೋ ಎಂಬ ಭಯ ಇನ್ನೊಂದು ಕಡೆ. ಬಾಸ್ಟನ್ನಿನ ಪಾದ್ರಿ ಕಾಟನ್ ಮೇದರ್‌ನ ಹದಿನೈದು ಮಕ್ಕಳಲ್ಲಿ ತಂದೆಯ ನಂತರ ಬದುಕಿದ್ದವರು ಇಬ್ಬರೇ. 1642ರ ಮ್ಯಾಸಚೂಸೆಟ್ಸ್ ಕಾನೂನು ಓದು ಕಲಿಸುವ ಹೊಣೆಯನ್ನು ತಂದೆತಾಯಿಯ ಮೇಲೇ ಹೊರಿಸಿತು. ತಪ್ಪಿದವರ ಮಕ್ಕಳನ್ನು ಬೇರೆಯವರ ಮನೆಗೆ ಕೆಲಸ ಕಲಿಯಲು ಒಪ್ಪಿಸಬಹುದಿತ್ತು. 1647ರಲ್ಲಿ ಐವತ್ತು ಕುಟುಂಬಗಳಿರುವ ಊರಿಗೊಬ್ಬ ಉಪಾಧ್ಯಾಯ ಕಡ್ಡಾಯವಾದ. ಮಕ್ಕಳು ಶಾಲೆಗೆ ಹೋಗಲೇಬೇಕೆಂಬ ಕಾನೂನು ಬಂದದ್ದು ಮಾತ್ರ 1852ರಲ್ಲಿ, ಅದೂ ವರ್ಷಕ್ಕೆ ಹನ್ನೆರಡು ವಾರ.

ಇಂದಿನ ಮಗುವಿಗೆ ಲಸಿಕೆಯಿದೆ, ಆಟದ ಹೊತ್ತಿದೆ, ನರಕದ ಹೆದರಿಕೆಯಿಲ್ಲ. ಆ ಕಾಲ ಮರಳಿ ಬರುವುದೇ ಬೇಡ. ಆದರೆ ಅಂದು ಓದು ಮನೆಯ ಕೆಲಸವಾಗಿತ್ತು. ಇಂದು ಅದನ್ನು ಪೂರಾ ಶಾಲೆಗೆ ಬಿಟ್ಟಿದ್ದೇವೆ, ಕನ್ನಡವನ್ನು ವಾರಕ್ಕೊಂದು ತರಗತಿಗೆ. ಆ ತರಗತಿಯಲ್ಲೂ ನಲವತ್ತೊಂಬತ್ತು ಅಕ್ಷರ ತಿದ್ದಿ ಮುಗಿಸುವ ತನಕ ಒಂದು ಸಾಲೂ ಓದಿಸುವುದಿಲ್ಲ. ಅಷ್ಟರಲ್ಲಿ ಮಗುವಿಗೆ ಬೇಸರ ಬಂದಿರುತ್ತದೆ.

ಹಾರ್ನ್‌ಬುಕ್ಕಿನ ಕ್ರಮವನ್ನು ಈ ಚಳಿಗಾಲದಲ್ಲಿ ಮನೆಯಲ್ಲೇ ಹಿಡಿದು ನೋಡಿ. ಮಗುವಿಗೆ ಬಾಯಿಪಾಠವಿರುವ ಶಿಶುಗೀತೆಯ ನಾಲ್ಕು ಸಾಲನ್ನು ದಪ್ಪ ರಟ್ಟಿನ ಮೇಲೆ ದೊಡ್ಡದಾಗಿ ಬರೆಯಿರಿ. ಅಕ್ಷರ ಅಕ್ಷರಕ್ಕೂ ಕಡ್ಡಿ ಇಟ್ಟು ಮಗುವೇ ತೋರಿಸುತ್ತಾ ಹೇಳಲಿ. ಕಡ್ಡಿಯಿಲ್ಲದಿದ್ದರೆ ಬಾಯಿ ಮುಂದೆ ಓಡುತ್ತದೆ, ಕಣ್ಣು ಹಿಂದೆ ಉಳಿಯುತ್ತದೆ. ಎರಡು ದಿನ ಬಿಟ್ಟು ಸಾಲುಗಳನ್ನು ಕತ್ತರಿಸಿ, ಕಲಸಿ, ಮಧ್ಯದ್ದೊಂದನ್ನು ಕೈಗೆ ಕೊಡಿ. ತಡವರಿಸಿದರೆ ಪೆನ್ಸಿಲ್ ಕೊಡಬೇಡಿ, ಕಡ್ಡಿಯನ್ನೇ ಇನ್ನೊಂದು ವಾರ ಮುಂದುವರಿಸಿ.