ಬಾಯಿ ಆಡಿಸಿದರೆ ಸಾಕು ಅನ್ನಬೇಡ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಓದಿದೆ. ನಿನ್ನ ಶಾಲೆಯ ಗುಂಪು ಹಾಡಿಗೆ ಕಿವಿ ಕೇಳಿಸದ ಒಬ್ಬ ಹುಡುಗಿ, ಆಟಿಸಂ ಇರುವ ಒಬ್ಬ ಹುಡುಗ, ವ್ಹೀಲ್‌ಚೇರಿನಲ್ಲಿ ಓಡಾಡುವ ಒಬ್ಬ ಹುಡುಗಿ ಬರಬೇಕೆನ್ನುವ ಮಾತು ಬಂದಿದೆ. "ಈ ಮೂವರನ್ನು ಸೇರಿಸಿಕೊಂಡರೆ ಹಾಡು ಕೆಡುತ್ತೆ, ಬಿಟ್ಟರೆ ನನ್ನ ಮನಸ್ಸು ಕೆಡುತ್ತೆ, ಏನು ಮಾಡಲಿ ದೊಡ್ಡಮ್ಮ?" ಅಂತ ಕೇಳಿದ್ದೀಯ. ಮೂವರನ್ನೂ ಸೇರಿಸಿಕೋ. ಹೇಗೆ ಅಂತ ಹೇಳುವ ಮೊದಲು ನಾನು ಮಾಡಿದ ಒಂದು ತಪ್ಪು ಹೇಳಬೇಕು.

ನಾನು ಸಂಗೀತ ಕಲಿಸಲು ಶುರು ಮಾಡಿದ ಹೊಸದು. ಗುಂಪು ಹಾಡಿನಲ್ಲಿ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ, ಕಲಿಕೆ ನಿಧಾನವಾಗುವ ಸ್ಥಿತಿ) ಇದ್ದ ಒಬ್ಬ ಹುಡುಗನಿದ್ದ. ಹಾಡು ಅಂದರೆ ಅವನಿಗೆ ಪ್ರಾಣ. ಎಲ್ಲರೂ ಸಾಲು ಮುಗಿಸಿದ ಮೇಲೂ ಇವನದೊಂದು ದನಿ ಉಳಿದಿರುತ್ತಿತ್ತು, ಅದೂ ಶ್ರುತಿಗಿಂತ ಕೆಳಗೆ. ಕಾರ್ಯಕ್ರಮದ ದಿನ ಪರದೆ ಹಿಂದೆ ಅವನ ಭುಜ ಹಿಡಿದು, "ಇವತ್ತು ಸುಮ್ನೆ ಬಾಯಿ ಆಡಿಸು, ಸಾಕು" ಅಂದೆ. ಆಡಿಸುವುದು ಹೇಗೆ ಅಂತ ಅವನಿಗೆ ತಿಳಿಯಲಿಲ್ಲ. ಹಾಡಬಾರದು ಅನ್ನುವುದಷ್ಟೇ ತಿಳಿಯಿತು. ಹಾಡು ಮುಗಿಯುವವರೆಗೂ ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದ. ಕಾಲು ಮಾತ್ರ ತಾಳ ಹಾಕುತ್ತಿತ್ತು. ಆ ತಾಳ ಒಂದು ಸಲವೂ ತಪ್ಪಲಿಲ್ಲ, ಪುಟ್ಟಿ.

ಡೌನ್ ಸಿಂಡ್ರೋಮ್ ಇರುವ ಎಷ್ಟೋ ಮಕ್ಕಳಿಗೆ ಬಾಯಿ, ನಾಲಿಗೆಯ ಸ್ನಾಯುಗಳು ಸಡಿಲವಾಗಿರುತ್ತವೆ. ಲಯ ಗೊತ್ತಿದ್ದರೂ ವೇಗದ ಸಾಲುಗಳಲ್ಲಿ ಮಾತು ಹಿಂದೆ ಬೀಳುತ್ತದೆ. ಇದು ನನಗೆ ತಿಳಿದದ್ದು ಆಮೇಲೆ. ಮುಂದಿನ ವರ್ಷ ಶ್ರುತಿ ಇಳಿಸಿದೆ. ಚರಣ ಬಿಟ್ಟು ಪಲ್ಲವಿ ಮಾತ್ರ ಅವನಿಗೆ ಕೊಟ್ಟೆ. ಸಾಲು ಎತ್ತಿಕೊಳ್ಳುವ ಹೊತ್ತಿಗೆ ಪಕ್ಕದ ಗೆಳೆಯ ಮೆಲ್ಲಗೆ ಮೊಣಕೈ ತಾಗಿಸುತ್ತಿದ್ದ. ಹುಡುಗ ಅವನೇ, ದನಿ ಅದೇ. ಹಾಡನ್ನು ಅವನ ಅಳತೆಗೆ ಹೊಲಿದಿದ್ದೆ, ಅಷ್ಟೇ.

ಅದಕ್ಕೇ ಹೇಳುತ್ತೇನೆ, ಮೊದಲು ಹಾಡು ಆರಿಸಿ ಆಮೇಲೆ ಈ ಮಕ್ಕಳನ್ನು ಎಲ್ಲಿ ನಿಲ್ಲಿಸಲಿ ಅಂತ ಹುಡುಕಬೇಡ. ಮೊದಲ ದಿನದ ಪ್ರಾಕ್ಟೀಸಿಗೇ ಅವರು ಬರಲಿ.

ಕಿವಿ ಕೇಳಿಸದ ಮಗುವಿಗೆ ಹಾಡು ಯಾಕೆ ಅಂತ ನಿಮ್ಮ ಹೆಡ್‌ಮಾಸ್ಟರ್ ಕೇಳಿದರಂತೆ. ಸ್ಕಾಟ್ಲೆಂಡಿನ ತಾಳವಾದ್ಯ ಕಲಾವಿದೆ ಎವೆಲಿನ್ ಗ್ಲೆನಿಯ ಹೆಸರು ಹೇಳು. 12ನೇ ವಯಸ್ಸಿಗೆ ಆಕೆಯ ಕಿವಿ ಬಹುಪಾಲು ಹೋಗಿತ್ತು. ನೆಲದ ಕಂಪನ ಪಾದಕ್ಕೆ ತಿಳಿಯಲಿ ಅಂತ ಬರಿಗಾಲಲ್ಲಿ ನಿಂತು ವಾದ್ಯ ನುಡಿಸುತ್ತಾರೆ. 2012ರ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಡ್ರಮ್ ನುಡಿಸಿದವರ ಮುಂದಾಳು ಅವರೇ. ವೆನೆಜುವೆಲಾದಲ್ಲಿ 'ಬಿಳಿ ಕೈಗಳ' ಗಾಯನ ತಂಡವೇ ಇದೆ. ಕಿವಿ ಕೇಳಿಸದ ಮಕ್ಕಳು ಬಿಳಿ ಕೈಗವಸು ತೊಟ್ಟು ಕೈಯಲ್ಲಿ ಹಾಡುತ್ತಾರೆ, ಉಳಿದವರು ದನಿಯಲ್ಲಿ. ನಿನ್ನ ಹಾಡಿನ ಸಂಜ್ಞೆಗಳನ್ನು ಸಂಜ್ಞಾ ಭಾಷೆ ಬಲ್ಲವರಿಂದ ಕಲಿ. ನೀನೇ ಕೈ ತಿರುಗಿಸಿ ಏನೋ ಒಂದು ಮಾಡಬೇಡ. ಕಲಿತ ಮೇಲೆ ಗುಂಪಿಗೆಲ್ಲ ಕಲಿಸು. ಆಗ ಅವಳೊಬ್ಬಳೇ ಬೇರೆ ಅಂತ ಆಗುವುದಿಲ್ಲ.

ಇನ್ನು ಆಟಿಸಂ ಇರುವ ನಿನ್ನ ಹುಡುಗ. ದಿಢೀರನೆ ಬರುವ ಸದ್ದು ಇಂಥ ಎಷ್ಟೋ ಮಕ್ಕಳಿಗೆ ಜಾಸ್ತಿ ಕಷ್ಟ. ಅವನನ್ನು ಎರಡು ಮೂರು ಸಲ ಖಾಲಿ ಹಾಲ್‌ಗೆ ಕರೆದುಕೊಂಡು ಹೋಗು. ಎಲ್ಲಿಂದ ಹತ್ತಬೇಕು, ಎಲ್ಲಿ ನಿಲ್ಲಬೇಕು, ಚಪ್ಪಾಳೆ ಯಾವಾಗ ಬರುತ್ತೆ ಅನ್ನುವುದನ್ನೆಲ್ಲ ಚಿತ್ರ ಬರೆದು ಸಾಲಾಗಿ ತೋರಿಸು. ಸದ್ದು ತಡೆಯುವ ಹೆಡ್‌ಫೋನ್ ಹಾಕಿಕೊಂಡೇ ಹಾಡಲಿ. ಚೆಂದ ಕಾಣಲ್ಲ ಅಂತ ಯಾರಾದರೂ ತೆಗೆಸಲು ಬಂದರೆ ನೀನು ಅಡ್ಡ ನಿಲ್ಲು. ಅವನ ಜಾಗ ಸಾಲಿನ ತುದಿಯಲ್ಲಿರಲಿ. ಸಾಕಾಯಿತು ಅನಿಸಿದರೆ ಯಾರನ್ನೂ ದಾಟದೆ ಇಳಿದು ಹೋಗಬಹುದು. ಮಿನುಗುವ ಲೈಟು ಮಾತ್ರ ಬೇಡವೇ ಬೇಡ, ಫಿಟ್ಸ್ ಬರುವ ಕೆಲವು ಮಕ್ಕಳಿಗೆ ಅದು ಅಪಾಯ.

ವ್ಹೀಲ್‌ಚೇರಿನ ಹುಡುಗಿಯನ್ನು ನಾಲ್ಕು ಜನ ಎತ್ತಿಕೊಂಡು ಹೋಗುತ್ತಾರೆ ಅಂತ ಬರೆದಿದ್ದೀಯ. ಅದು ಬೇಡಮ್ಮ. ಎಲ್ಲರೂ ನೋಡುತ್ತಿರುವಾಗ ಮೂಟೆ ಥರ ಎತ್ತಿಸಿಕೊಳ್ಳುವುದು ಯಾರಿಗೆ ತಾನೇ ಇಷ್ಟ? ಮೆಟ್ಟಿಲ ಪಕ್ಕ ಇಳಿಜಾರು ಹಾಕಿಸು. ಆಗದಿದ್ದರೆ ಇಡೀ ಗುಂಪು ಸ್ಟೇಜಿನ ಕೆಳಗೇ ಹಾಡಲಿ.

ಇದೆಲ್ಲ ದೊಡ್ಡ ಮನಸ್ಸಿನ ಮಾತು ಅಂತ ಯಾರಾದರೂ ಅಂದರೆ ಒಪ್ಪಬೇಡ, ಇದು ಮಕ್ಕಳ ಹಕ್ಕು. ವಿಶ್ವಸಂಸ್ಥೆ 2006ರಲ್ಲಿ ಒಪ್ಪಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿಯಲ್ಲಿ ಕಲೆಯೂ ಬರುತ್ತದೆ, ಶಾಲೆಯ ಆಟಪಾಟಗಳೂ ಬರುತ್ತವೆ.

ಒಂದು ಮರೆತಿದ್ದೆ. ಮೈಕ್ ಹಿಡಿಯುವವರಿಗೆ ಮೊದಲೇ ಹೇಳಿಡು: ಈ ಮಕ್ಕಳ ಬಗ್ಗೆ ಬೇರೆ ಪರಿಚಯ ಬೇಡ, ಕಣ್ಣೀರು ತರಿಸುವ ಮಾತು ಬೇಡ. ಗುಂಪಿನ ಹೆಸರು ಹೇಳಿದರೆ ಅವರೂ ಬಂದರು, ಅಲ್ವಾ? ಮತ್ತೆ, ಸ್ಟೇಜ್ ಹತ್ತಲು ಇಷ್ಟವಿದೆಯಾ ಅಂತ ಮೂವರನ್ನೂ ಕೇಳು. ಅವರ ಅಪ್ಪ ಅಮ್ಮನನ್ನು ಕೇಳಿದ್ದು ಬರೆದಿದ್ದೀಯ, ಮಕ್ಕಳನ್ನೇ ಕೇಳಿದ್ದು ಎಲ್ಲೂ ಕಾಣಲಿಲ್ಲ.

ಈ ವಾರ ಹಾಡು ಗೊತ್ತು ಮಾಡಬೇಡ. ಪ್ರತಿ ಮಗುವಿನ ದನಿ ಎಲ್ಲಿ ಆರಾಮಾಗಿ ನಿಲ್ಲುತ್ತೆ ಅಂತ ಕೂತು ಕೇಳು, ಬರೆದಿಟ್ಟುಕೋ. ಆ ಪಟ್ಟಿ ಕಳಿಸಿದರೆ ಶ್ರುತಿ ಎಷ್ಟಿರಬೇಕು ಅಂತ ಇಬ್ಬರೂ ಸೇರಿ ನೋಡೋಣ.

ನಿನ್ನ
ದೊಡ್ಡಮ್ಮ