ದಾಸವಾಳದ ಕಪ್ಪು ಬೂಷ್ಟಿಗೆ ಮದ್ದು ಬೇರೆಡೆ ಇದೆ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ನಮ್ಮ ಬಡಾವಣೆಯ ಅಂಗಳಗಳಲ್ಲಿ ದಾಸವಾಳದ ಎಲೆಗಳು ಮಸಿ ಬಳಿದಂತೆ ಕಪ್ಪಾಗುತ್ತವೆ. ಕಳೆದ ವರ್ಷ ಇದನ್ನು ರೋಗವೆಂದೇ ಭಾವಿಸಿದ ನಾನು, ಅಂಗಡಿಯವರು ಕೊಟ್ಟ ಶಿಲೀಂಧ್ರನಾಶಕವನ್ನು ಮೂರು ಬಾರಿ ಸಿಂಪಡಿಸಿ ಹಣ ಕಳೆದುಕೊಂಡೆ. ವಾಸ್ತವವಾಗಿ ಈ ಬೂಷ್ಟು ಎಲೆಯ ಒಳಗೆ ಇಳಿಯುವುದಿಲ್ಲ. ಎಳೆಯ ಕುಡಿಗಳಿಗೆ ಹತ್ತಿಯಂತೆ ಅಂಟಿಕೊಂಡು ರಸ ಹೀರುವ ಹಿಟ್ಟು ತಿಗಣೆಗಳು ವಿಸರ್ಜಿಸುವ ಸಿಹಿ ಅಂಟಿನ ಮೇಲಷ್ಟೇ ಅದು ಬೆಳೆಯುತ್ತದೆ. ಬಿಸಿಲಿಗೆ ಅಡ್ಡವಾಗಿ ಗಿಡವನ್ನು ಸೊರಗಿಸುತ್ತದೆ ಎಂಬುದು ನಿಜ, ಆದರೆ ತಿಗಣೆ ಹೋದರೆ ಬೂಷ್ಟಿಗೆ ಆಹಾರವೇ ಇರುವುದಿಲ್ಲ.

ಆ ಸಿಹಿಗಾಗಿ ಬರುವ ಇರುವೆಗಳು ತಿಗಣೆಗಳನ್ನು ಶತ್ರುಕೀಟಗಳಿಂದ ಕಾಯುವುದರಿಂದ ಮೊದಲು ಇರುವೆಯ ದಾರಿಯನ್ನು ತಡೆಯಬೇಕು. ಹೆಚ್ಚು ಮುತ್ತಿದ ಕುಡಿಗಳನ್ನು ಕತ್ತರಿಸಿ, ಗೊಬ್ಬರದ ಗುಂಡಿಗೆ ಹಾಕದೆ ನಾಶಪಡಿಸಿ, ಉಳಿದ ಗಿಡಕ್ಕೆ ರಭಸವಾಗಿ ನೀರು ಹಾಯಿಸಿ, ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ಸ್ವಲ್ಪ ಸೋಪಿನ ದ್ರಾವಣ ಬೆರೆಸಿ, ಸಂಜೆಯ ವೇಳೆ ಎಲೆಯ ಅಡಿಭಾಗಕ್ಕೂ ತಗಲುವಂತೆ ವಾರಕ್ಕೊಮ್ಮೆ ಸಿಂಪಡಿಸಿದ್ದರಿಂದ ನನ್ನ ಗಿಡಗಳು ಚೇತರಿಸಿಕೊಂಡವು.

ಇನ್ನೊಂದು ಮಾತು. 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತರಲಾದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳು ಹಿಟ್ಟು ತಿಗಣೆಗಳನ್ನೇ ತಿಂದು ಬದುಕುತ್ತದೆ. ಅದರ ಮರಿಹುಳುವೂ ಬಿಳಿ ಮೇಣದ ಎಳೆಗಳಿಂದ ಕೂಡಿದ್ದು ತಿಗಣೆಯಂತೆಯೇ ಕಾಣುವುದರಿಂದ (ನಾನೇ ಹಲವನ್ನು ಹೊಸಕಿ ಹಾಕಿದ್ದೇನೆ) ದೊಡ್ಡದಾಗಿ, ಚುರುಕಾಗಿ ಓಡಾಡುವ ಹುಳುಗಳನ್ನು ದಯವಿಟ್ಟು ಬಿಟ್ಟುಬಿಡಿ. ತೋಟಗಾರಿಕೆ ಇಲಾಖೆಯು ಫಲಪುಷ್ಪ ಪ್ರದರ್ಶನಗಳಲ್ಲಿ ಈ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸುವ ವ್ಯವಸ್ಥೆ ಮಾಡಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ಮೈಸೂರು