ಯಾವ ಕಲ್ಲು ಎಂದು ಕೇಳಿದವನಿಗೆ ಉತ್ತರ ಬರೆದೆಯಾ?

ಬಳ್ಳಾರಿ

ಪ್ರೀತಿಯ ತಂಗಿಗೆ,

ನಿನ್ನ ಪತ್ರವೂ ಚಿತ್ರಕಥೆಯೂ ಬಂದು ತಲುಪಿದವು. ಚಿತ್ರವನ್ನೂ ನೋಡಿದೆ. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದ ಪುರಾತನ ಕಲ್ಲುಮನೆಗಳನ್ನು ಅನ್ಯಗ್ರಹದವರು ಕಟ್ಟಿದರು, ಆ ಸಂಗತಿಯನ್ನು ಸರ್ಕಾರ ಮುಚ್ಚಿಟ್ಟಿದೆ ಎಂದು ಗಂಭೀರವಾಗಿ ಹೇಳುವ ಅಣಕು ಸಾಕ್ಷ್ಯಚಿತ್ರ. ಗಂಗಾವತಿಯ ನಿಮ್ಮ ಗೆಳೆಯರ ಬಳಗ ಕೈಯಿಂದ ದುಡ್ಡು ಹಾಕಿ ಮಾಡಿದ್ದು. "ನಗಲಿ ಎಂದು ಬರೆದೆ. ಕಾಲೇಜಿನಲ್ಲಿ ತೋರಿಸಿದಾಗ ನಕ್ಕವರು ಕೆಲವರೇ. ಮೊಬೈಲಿನಿಂದ ಮೊಬೈಲಿಗೆ ಹೋದ ಮೇಲೆ ಜನ ನಂಬತೊಡಗಿದರು. ನನಗೆ ಬರೆಯಲು ಬರುವುದಿಲ್ಲ" ಎಂದಿದ್ದೀಯ. ಬರೆಯಲು ಬಾರದವರ ಮಾತನ್ನು ಯಾರೂ ನಂಬುವುದಿಲ್ಲ, ತಂಗಿ. ಆ ಅಳುವನ್ನು ಇಲ್ಲಿಗೇ ಬಿಡು.

ಕ್ಯಾಮೆರಾ ಅಲುಗಿದ್ದು, ಹಾರುವ ತಟ್ಟೆಯ ದಾರ ಕಂಡದ್ದು, ವಿಜ್ಞಾನಿಯ ಪಾತ್ರ ಮಾಡಿದ ಹುಡುಗ ತಲೆ ತಗ್ಗಿಸಿ ಚೀಟಿ ಓದಿದ್ದು, ಇವುಗಳ ಬಗ್ಗೆ ನನ್ನನ್ನು ಕೇಳಬೇಡ. ಮುಂದೆ ಮಾಡುತ್ತಾ ಮಾಡುತ್ತಾ ತಾವಾಗಿ ಸರಿಹೋಗುತ್ತವೆ. ನನಗೆ ಬೇಕಾದದ್ದು ನೀನು ಪತ್ರದ ಜೊತೆ ಇಟ್ಟ ಆ ಒಂದು ಹಾಳೆ, ನೋಡಿದವರು ಆಡಿದ ಮಾತುಗಳನ್ನೆಲ್ಲ ಬರೆದುಕೊಂಡದ್ದು. ಹಾಗೆ ಬರೆದಿಟ್ಟುಕೊಳ್ಳುವ ಬುದ್ಧಿ ನಿನಗಿರುವುದು ನೋಡಿ ಸಂತೋಷವಾಯಿತು.

"ಅಗ್ಗದ ಚಿತ್ರ, ಹೊತ್ತು ಹಾಳು" ಎಂದವರ ಮಾತಿಗೆ ನೀನು ಅತ್ತಿದ್ದೀಯ. "ನಮ್ಮ ಅಜ್ಜನೂ ಆ ಗುಡ್ಡದ ಮೇಲೆ ಬೆಳಕು ಕಂಡಿದ್ದ" ಎಂದವರ ಮಾತಿಗೆ ಕಕ್ಕಾಬಿಕ್ಕಿಯಾಗಿದ್ದೀಯ. "ಅಣಕು ಎಂಬುದು ನೆಪ, ಒಳಗೆ ಸತ್ಯವನ್ನೇ ಹೇಳಿದ್ದಾರೆ" ಎಂದವರೂ ಇದ್ದಾರೆ. ಹಾಳೆಯ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ, ಇನ್ನೊಂದು ಮಾತಿದೆ: "ಲೋಹ ಇದೆ ಎಂದಿರಲ್ಲ, ಅದು ಯಾವ ಕಲ್ಲಿನ ಕೆಳಗೆ? ಜಾಗ ತಿಳಿಸಿ." ಅದರ ಮುಂದೆ ನೀನು ಏನನ್ನೂ ಬರೆದಿಲ್ಲ. ಈ ಪತ್ರ ಬರೆಯುತ್ತಿರುವುದು ಆ ಮಾತಿಗಾಗಿ.

ಮೊದಲು ಮೂರನೆಯವರ ಮಾತು ಮುಗಿಸುತ್ತೇನೆ. ಅದು ಹೊಸದಲ್ಲ. 1977ರ ಜೂನ್ 20ರಂದು ಇಂಗ್ಲೆಂಡಿನ ಆಂಗ್ಲಿಯಾ ಟೆಲಿವಿಷನ್ ಸಂಸ್ಥೆಯ 'ಆಲ್ಟರ್ನೇಟಿವ್ 3' ಎಂಬ ಅಣಕು ಸಾಕ್ಷ್ಯಚಿತ್ರ ಪ್ರಸಾರವಾಯಿತು. ಭೂಮಿ ಬಾಳಲು ಬಾರದಂತಾಗುತ್ತಿದೆ, ಆರಿಸಿದ ಕೆಲವರನ್ನು ಗುಟ್ಟಾಗಿ ಮಂಗಳ ಗ್ರಹಕ್ಕೆ ಸಾಗಿಸಲಾಗುತ್ತಿದೆ ಎಂಬುದು ಅದರ ಕಥೆ. ಏಪ್ರಿಲ್ 1ರ ತಮಾಷೆಗೆಂದು ಮಾಡಿದ್ದು, ಪ್ರಸಾರ ತಡವಾಯಿತು. ಕೊನೆಯಲ್ಲಿ ನಟರ ಹೆಸರುಗಳನ್ನೂ ತೋರಿಸಿದರು. ಆದರೂ ಗಾಬರಿಯಾದ ಜನ ದೂರವಾಣಿ ಕರೆಗಳ ಮಳೆ ಸುರಿಸಿದರು, ಅದು ನಿಜವೆಂದು ಸಾಧಿಸುವವರು ಮುಂದೆಯೂ ಹುಟ್ಟಿಕೊಂಡರು. ಮುಗಿದ ಮೇಲೆ ಹೇಳಿದ ಮಾತು ನಂಬಿಕೆಯ ಹಿಂದೆ ಓಡಿ ಅದನ್ನು ಹಿಡಿಯಲಾರದು. ನಿಮ್ಮ ಚಿತ್ರದ ಕೊನೆಯಲ್ಲೂ "ಎಲ್ಲವೂ ಕಾಲ್ಪನಿಕ" ಎಂದಿದೆ. ಆದರೆ ಮೊಬೈಲುಗಳಲ್ಲಿ ಹರಿದಾಡಿದ್ದು ನಡುವಿನ ಎರಡು ನಿಮಿಷದ ತುಣುಕು ಎಂದು ನೀನೇ ಬರೆದಿದ್ದೀಯ. ಆ ಎರಡು ನಿಮಿಷದಲ್ಲಿ ನಗುವಂಥದ್ದು ಒಂದೂ ಇಲ್ಲ, ಬರೀ ಸುಳ್ಳು ಇದೆ.

ನಗಿಸುವುದು ನಿನಗೆ ಗೊತ್ತಿಲ್ಲವೆಂದಲ್ಲ. ಆ ಕುರಿ ಕಾಯುವ ಮುದುಕನ ಬಾಯಿಗೆ "ಅಷ್ಟು ದೂರದಿಂದ ಬಂದವರು ನಮ್ಮ ನಾಯಿಗೆ ಗೊತ್ತಾಗದಂತೆ ಹೇಗೆ ಇಳಿದರು?" ಎಂಬ ಪ್ರಶ್ನೆ ಕೊಟ್ಟಿದ್ದೀಯಲ್ಲ, ಅದನ್ನು ಓದಿ ಬಹಳ ಹೊತ್ತು ಖುಷಿಯಾಗಿದ್ದೆ. ಅಂಥ ಮಾತನ್ನು ಯಾರೂ ಯಾರಿಗೂ ಕಲಿಸಲಾಗುವುದಿಲ್ಲ. ಅವನು ಇರುವ ತನಕ ನೋಡುವವನಿಗೆ ದಾರಿ ತಪ್ಪುವುದಿಲ್ಲ. ಅವನನ್ನು ಏಳನೆಯ ದೃಶ್ಯಕ್ಕೆ ಮನೆಗೆ ಕಳುಹಿಸಿಬಿಟ್ಟೆ ಏಕೆ?

ಈಗ ಆ ನಾಲ್ಕನೆಯ ಮಾತು. ಆ ಕಲ್ಲುಮನೆಗಳು ನಿಜಕ್ಕೂ ಶಿಲಾಸಮಾಧಿಗಳು. ಆ ಗುಡ್ಡದ ಮೇಲೆ ಸುಮಾರು 400 ಇವೆ, ಎರಡು ಸಾವಿರ ವರ್ಷಕ್ಕೂ ಹಿಂದಿನವು. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾಣಗಳ ತಾತ್ಕಾಲಿಕ ಪಟ್ಟಿಗೂ ಸೇರಿವೆ. ನಿಧಿಯ ಆಸೆಗೆ ಬಿದ್ದವರು ಅವುಗಳಲ್ಲಿ ಹಲವನ್ನು ಅಗೆದು ಕೆಡವಿದ್ದಾರೆ. ಅಂಥ ಸಮಾಧಿಗಳಲ್ಲಿ ಸಿಗುವುದು ಮಡಕೆ, ಮೂಳೆ, ಕಬ್ಬಿಣದ ತುಂಡು. ನಿನ್ನ ಚಿತ್ರದಲ್ಲಿ ನಿರೂಪಕ ಒಂದು ಚಪ್ಪಡಿಯನ್ನು ತಟ್ಟಿ, "ಇದರ ಕೆಳಗೆ ಭೂಮಿಯ ಮೇಲೆ ಎಲ್ಲೂ ಇಲ್ಲದ ಲೋಹವಿದೆ" ಎನ್ನುತ್ತಾನೆ. ನಮ್ಮ ಸೀಮೆಯಲ್ಲಿ ಆ ವಾಕ್ಯ ಹಾರೆ ಹಿಡಿದವನ ಕಿವಿಗೆ ಬೀಳುತ್ತದೆ. ಜಾಗ ಕೇಳಿದವನು ಅನ್ಯಗ್ರಹವನ್ನು ನಂಬಿಲ್ಲ, ತಂಗಿ. ಅವನು ನಂಬಿದ್ದು ಲೋಹವನ್ನು.

ನನಗೆ ಇದರಲ್ಲಿ ಹಳೆಯ ಸಿಟ್ಟಿದೆ. ಇಲ್ಲೇ ಬಳ್ಳಾರಿ ಬಳಿಯ ಕುಡತಿನಿಯ ಬೂದಿಗುಡ್ಡದ ಬಗ್ಗೆ ನಾನೊಂದು ವಿಡಂಬನೆ ಬರೆದಿದ್ದೆ. ಆ ಬೂದಿ ರಾಕ್ಷಸನನ್ನು ಸುಟ್ಟದ್ದು ಎಂದು ಜನ ಹೇಳುತ್ತಾರೆ; ಹೊಸಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿ ಎಂದು ವಿದ್ವಾಂಸರು ತೋರಿಸಿದ್ದಾರೆ. ನಾನು ರಾಕ್ಷಸನ ಆಸ್ತಿ ಹಂಚಿಕೆಯ ಜಗಳ ಬರೆದೆ. ಒಂದು ವಾರಪತ್ರಿಕೆಯ ಸಂಪಾದಕರು ಮೇಲಿದ್ದ "ವಿಡಂಬನೆ" ಎಂಬ ಪಟ್ಟಿ ತೆಗೆದು, ಸುದ್ದಿಯ ಪುಟದಲ್ಲಿ, ರಾಕ್ಷಸನ ಒಡವೆಯ ಬಗ್ಗೆ ತಲೆಬರಹ ಕೊಟ್ಟು ಅಚ್ಚು ಹಾಕಿದರು. ಸ್ವಲ್ಪ ದಿನಕ್ಕೆ ಗುಡ್ಡದ ಬದಿಯಲ್ಲಿ ಹೊಸ ಗುಂಡಿಗಳು ಕಂಡವು. ಕೇಳಲು ಹೋದರೆ, "ಜನ ನಂಬಿದರೆ ಅದು ನಿಮ್ಮ ಲೇಖನಿಯ ಗೆಲುವು" ಎಂದು ಬೆನ್ನು ತಟ್ಟಿದರು. ಅವರು ಈಗ ಇಲ್ಲ. ಕ್ಷಮಿಸಲು ನನಗೆ ಇವತ್ತಿಗೂ ಆಗಿಲ್ಲ.

ಆ ಹೊಗಳಿಕೆಯೇ ನಿನಗೂ ಬರುತ್ತದೆ. "ಥೇಟ್ ನಿಜದ ಹಾಗೇ ಇದೆ" ಎನ್ನುತ್ತಾರೆ. ಮೈಮರೆಯಬೇಡ. 1938ರಲ್ಲಿ ಅಮೆರಿಕದ ರೇಡಿಯೋದಲ್ಲಿ ಆರ್ಸನ್ ವೆಲ್ಸ್ ಮಂಗಳ ಗ್ರಹದವರ ದಾಳಿಯ ನಾಟಕ ಪ್ರಸಾರ ಮಾಡಿದಾಗ ದೇಶವೇ ಬೀದಿಗೆ ಬಿತ್ತೆಂದು ಪತ್ರಿಕೆಗಳು ಬರೆದವು. ಗಾಬರಿ ಅಷ್ಟು ದೊಡ್ಡದಿರಲಿಲ್ಲವೆಂದು ಸಂಶೋಧಕರು ಆಮೇಲೆ ತೋರಿಸಿದರು. ಆದರೂ ಅಣಕು ಬರೆಯುವವರು ಆ ಬೀದಿಗೆ ಬಿದ್ದ ಜನವನ್ನೇ ಕನಸು ಕಾಣುತ್ತಾರೆ. ನೋಡುವವರನ್ನು ಮೋಸಗೊಳಿಸುವುದು ಸುಲಭದ ಕೆಲಸ. ಅವರನ್ನು ನಂಬಿಕೆಯ ಬಾಗಿಲವರೆಗೆ ಕರೆದೊಯ್ದು, ಅಲ್ಲಿ ಅವರೇ ನಿಂತು ನಗುವಂತೆ ಮಾಡಲು ಪಿತೂರಿಯನ್ನು ನಂಬುವವರಿಗಿಂತ ಹೆಚ್ಚು ನಿನಗೆ ತಿಳಿದಿರಬೇಕು.

ನಿನಗೆ ತಿಳಿದಿಲ್ಲ. ಬೈಯುತ್ತಿದ್ದೇನೆ, ಬೈಸಿಕೊ. ನಿನ್ನ ಚಿತ್ರಕಥೆಯಲ್ಲಿ ಮೋರ್ಯರ ಹೆಸರೇ ಇಲ್ಲ. ಆ ಗುಡ್ಡದ ಸುತ್ತಲಿನವರು ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ, ಆ ಮನೆಗಳಲ್ಲಿ ಗಿಡ್ಡ ಆಳಿನ ಜನ ಬಾಳಿದ್ದರೆಂದು ಕಥೆ ಹೇಳುತ್ತಾರೆ. ಊರವರು ತಾವೇ ಕಟ್ಟಿಕೊಂಡ ಕಥೆ ಮನೆಯಂಗಳದಲ್ಲಿರುವಾಗ ಪರದೇಶದ ಟಿವಿಯಿಂದ ಬೂದು ಮೈಯ, ದೊಡ್ಡ ಕಣ್ಣಿನ ಪ್ರಾಣಿಗಳನ್ನು ತಂದೆ. "ಇಷ್ಟು ದೊಡ್ಡ ಚಪ್ಪಡಿಗಳನ್ನು ಮನುಷ್ಯರು ಎತ್ತಲು ಸಾಧ್ಯವೇ?" ಎಂದು ನಿನ್ನ ನಿರೂಪಕ ಮತ್ತೆ ಮತ್ತೆ ಕೇಳುತ್ತಾನೆ. ಅದಕ್ಕೆ ಉತ್ತರ ಕೊಡಬಲ್ಲ ಒಬ್ಬನನ್ನೂ ನೀನು ಚಿತ್ರದೊಳಗೆ ಬಿಟ್ಟಿಲ್ಲ. ಕುಷ್ಟಗಿ ಕಡೆಯ ಕಲ್ಲುಗಣಿಗೆ ಹೋಗು. ಬಂಡೆ ಯಾವ ಪದರಿನಲ್ಲಿ ಬಿಡುತ್ತದೆ, ಹಾರೆಯನ್ನು ಎಲ್ಲಿ ಊರಬೇಕು, ಎಷ್ಟು ಜನ ಒಟ್ಟಿಗೆ ಹೆಗಲು ಕೊಟ್ಟರೆ ಕಲ್ಲು ಜರುಗುತ್ತದೆ ಎಂದು ಅಲ್ಲಿ ದುಡಿದು ಮುದುಕರಾದವರನ್ನು ಕೇಳು. ಅವರಲ್ಲೊಬ್ಬರನ್ನು ನಿನ್ನ ನಿರೂಪಕನ ಪಕ್ಕ ನಿಲ್ಲಿಸು. ಅವನು ವಿಶ್ವಶಕ್ತಿಯ ಬಗ್ಗೆ ಮಾತನಾಡುತ್ತಿರಲಿ, ಇವರು ಚಪ್ಪಡಿಯ ಅಂಚನ್ನು ಸವರಿ ನೋಡುತ್ತಿರಲಿ. ನಿನ್ನ ನಗು ಅಲ್ಲಿದೆ. ಆ ಕಲ್ಲುಗಳನ್ನು ನಿಲ್ಲಿಸಿದವರಿಗೆ ಸಲ್ಲಬೇಕಾದ ಮರ್ಯಾದೆಯೂ ಅಲ್ಲಿದೆ, ಅದನ್ನು ತಮಾಷೆಗೆ ಕೂಡ ಕಸಿಯುವ ಹಕ್ಕು ನಮಗಿಲ್ಲ.

ಲೋಹದ ವಾಕ್ಯವನ್ನು ತೆಗೆದುಹಾಕು. ಅದು ಚಿತ್ರದ ಜೀವಾಳ ಎಂದು ನಿನ್ನ ಗೆಳೆಯರು ವಾದಿಸುತ್ತಾರೆ, ಜಗಳವಾಗುತ್ತದೆ, ಆಗಲಿ. ಜಾಗ ಕೇಳಿದವನಿಗೆ ಇವತ್ತೇ ಬರೆ: ಲೋಹವಿಲ್ಲ, ಆ ಮಾತನ್ನು ನಾನು ಕಟ್ಟಿದೆ, ಅಲ್ಲಿರುವುದು ಸತ್ತವರ ಸಮಾಧಿ ಎಂದು. ಮರೆಸದೆ ನಿನ್ನ ಹೆಸರು ಹಾಕಿ ಬರೆ. ಅದಕ್ಕೆ ಅವನು ಏನೆಂದ ಎಂಬುದನ್ನು ಎರಡನೆಯ ಕರಡಿನ ಜೊತೆ ನನಗೆ ತಿಳಿಸು.

ಇಂತಿ,
ನಿನ್ನ ಅಣ್ಣ